ಬೇಸಿಗೆಯಲ್ಲಿ ಡೆತ್ ವ್ಯಾಲಿಗೆ ಕಾರಿನಲ್ಲಿ: ಬೆಳಗ್ಗೆ ಕಣಿವೆ, ಮಧ್ಯಾಹ್ನ ಬೆಟ್ಟ

ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನ ನೋಡಲು ಒಳ್ಳೆಯ ಕಾಲ ನವೆಂಬರ್‌ನಿಂದ ಮಾರ್ಚ್. ಎಲ್ಲರೂ ಹೀಗೇ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದಿಳಿಯುವುದು ಮೇ ತಿಂಗಳಲ್ಲಿ, ಮಕ್ಕಳಿಗೆ ರಜೆ ಸಿಗುವುದು ಜೂನ್‌ನಲ್ಲಿ. ಲಾಸ್ ವೇಗಸ್‌ಗೆ ಹೋದ ಮೇಲೆ "ಅಲ್ಲಿಂದ ಎರಡೇ ಗಂಟೆ ದಾರಿಯಂತೆ" ಎಂಬ ಮಾತು ಯಾರ ಬಾಯಿಂದಾದರೂ ಬಂದೇ ಬರುತ್ತದೆ. ನಮ್ಮ ಮನೆಯಲ್ಲಿ ಅದು ಬಂದದ್ದು ಅಪ್ಪನ ಬಾಯಿಂದ. ನಾನು ಬಿಸಿಲಿನ ಮಾತೆತ್ತಿದರೆ, "ರಾಯಚೂರ ಬಿಸಿಲಿನ್ಯಾಗ ಬೆಳದಾಂವ ನಾನು, ನನಗೇನ್ ಬಿಸಿಲು ತೋರಸ್ತಿ?" ಎಂದರು.

ಹೋಗಬಹುದು. ಜುಲೈ-ಆಗಸ್ಟ್‌ನಲ್ಲೂ ಬಹಳಷ್ಟು ಜನ ಹೋಗಿ ಬರುತ್ತಾರೆ. ಆದರೆ ಮೈಸೂರು ಮೃಗಾಲಯಕ್ಕೆ ಹೋದ ಹಾಗೆ ತಿಂಡಿ ತಿಂದು ಹತ್ತು ಗಂಟೆಗೆ ಹೊರಡುವ ಪ್ರವಾಸ ಇದಲ್ಲ. ಈ ಕಣಿವೆ ತಿಂಬಿಶಾ ಶೊಶೋನಿ ಜನರ ನೆಲ. ಅವರು ನೂರಾರು ವರ್ಷಗಳಿಂದ ಬೇಸಿಗೆ ಏರುತ್ತಿದ್ದಂತೆ ಕಣಿವೆ ಬಿಟ್ಟು ಪಕ್ಕದ ಪ್ಯಾನಮಿಂಟ್ ಬೆಟ್ಟಗಳಿಗೆ ಹತ್ತಿಬಿಡುತ್ತಿದ್ದರು. 'ಸಾವಿನ ಕಣಿವೆ' ಎಂದು ಹೆಸರಿಟ್ಟ ಚಿನ್ನದ ಬೇಟೆಯ ವಲಸಿಗರು ದಾರಿ ತಪ್ಪಿ ಇಲ್ಲಿಗೆ ಬಂದದ್ದು 1849ರ ಡಿಸೆಂಬರ್‌ನಲ್ಲಿ, ಚಳಿಗಾಲದಲ್ಲಿ! ಬೇಸಿಗೆಯಲ್ಲಿ ಬಂದಿದ್ದರೆ ಹೆಸರಿಡಲು ಯಾರೂ ಉಳಿಯುತ್ತಿರಲಿಲ್ಲವೇನೋ. ತಿಂಬಿಶಾ ಜನ ಋತುವಿನ ಲೆಕ್ಕದಲ್ಲಿ ಮಾಡಿದ್ದನ್ನು ನಾವು ಒಂದು ದಿನದ ಲೆಕ್ಕದಲ್ಲಿ ಮಾಡೋಣ: ಬೆಳಗಿನ ಜಾವ ಕಣಿವೆಯ ತಳದಲ್ಲಿ, ಮಧ್ಯಾಹ್ನ ಎತ್ತರದಲ್ಲಿ ಅಥವಾ ಎಸಿಯಲ್ಲಿ.

ರಸ್ತೆ ಫಲಕಗಳೆಲ್ಲ ಮೈಲಿ, ಅಡಿಗಳಲ್ಲೇ ಇರುವುದರಿಂದ ದೂರ ಮತ್ತು ಎತ್ತರವನ್ನು ಹಾಗೆಯೇ ಹೇಳುತ್ತೇನೆ. ಉಷ್ಣತೆ ಮಾತ್ರ ನಮ್ಮ ಸೆಲ್ಸಿಯಸ್‌ನಲ್ಲಿ.

1. ಈ ಬಿಸಿಲು ನಮ್ಮೂರಿನದಲ್ಲ

ಕಣಿವೆಯ ನಡುವಿನ ಫರ್ನೇಸ್ ಕ್ರೀಕ್‌ನಲ್ಲಿ ಜುಲೈ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 47 ಡಿಗ್ರಿ, ಕನಿಷ್ಠ 31ರ ಆಸುಪಾಸು. 1913ರ ಜುಲೈ 10ರಂದು ಇಲ್ಲಿ ದಾಖಲಾದ 56.7 ಡಿಗ್ರಿಯೇ ಇಂದಿಗೂ ಅಧಿಕೃತ ವಿಶ್ವದಾಖಲೆ. ಆ ಅಳತೆಯ ಬಗ್ಗೆ ತಜ್ಞರಲ್ಲಿ ತಕರಾರಿದೆ, ಇರಲಿ. 2020ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ 54.4 ಮುಟ್ಟಿದ್ದಕ್ಕೆ ಆಧುನಿಕ ಉಪಕರಣಗಳ ಸಾಕ್ಷಿ ಇದೆ. ಗಾಳಿಗಿಂತ ನೆಲದ ಲೆಕ್ಕ ಇನ್ನೂ ಭಯಂಕರ. 1972ರ ಜುಲೈ 15ರಂದು ನೆಲದ ಮೇಲ್ಮೈ 93.9 ಡಿಗ್ರಿ ಇತ್ತು. ನೀರು ಕುದಿಯಲು ಆರೇ ಡಿಗ್ರಿ ಕಡಿಮೆ.

ಕಾರಣ ಕಣಿವೆಯ ಆಕಾರದಲ್ಲೇ ಇದೆ. ತಳ ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ. ಎರಡೂ ಪಕ್ಕ ಕಡಿದಾದ ಬೆಟ್ಟ, ಪಶ್ಚಿಮದ ಟೆಲಿಸ್ಕೋಪ್ ಶಿಖರವೊಂದೇ 11,049 ಅಡಿ. ಕಾದ ಗಾಳಿ ಮೇಲೇಳುತ್ತದೆ, ಆದರೆ ಬೆಟ್ಟದ ಗೋಡೆ ದಾಟಲಾರದೆ ಕೆಳಕ್ಕೇ ಮರಳುತ್ತದೆ. ಕೆಳಗಿಳಿಯುವಾಗ ಒತ್ತಡಕ್ಕೆ ಸಿಕ್ಕಿ ಮತ್ತಷ್ಟು ಬಿಸಿಯಾಗುತ್ತದೆ. ಪೆಸಿಫಿಕ್ ಕಡೆಯಿಂದ ಬರುವ ಮೋಡ ನಡುವಿನ ಪರ್ವತ ಸಾಲುಗಳ ಮೇಲೆಯೇ ಬರಿದಾಗುತ್ತದೆ. ಪಶ್ಚಿಮ ಘಟ್ಟದ ಮಳೆ ಮುಗಿದು ಬಯಲುಸೀಮೆ ಒಣಗುವ ಅದೇ ಕಥೆ, ಇಲ್ಲಿ ನಾಲ್ಕು ಸಲ ಮರುಕಳಿಸುತ್ತದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 50 ಮಿಲಿಮೀಟರ್.

ನಮ್ಮವರು ಮೋಸ ಹೋಗುವುದು ಇಲ್ಲೇ. ಮಂಗಳೂರಿನಲ್ಲಿ ಬೆವರು ತೊಟ್ಟಿಕ್ಕುತ್ತದೆ, ಬಾಯಾರಿಕೆ ನೆನಪಾಗುತ್ತದೆ. ಇಲ್ಲಿ ಬೆವರು ಚರ್ಮಕ್ಕೆ ಬಂದ ಕ್ಷಣವೇ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ನೀರು ಮಾತ್ರ ದೇಹ ಬಿಟ್ಟಿರುತ್ತದೆ. ರಾಯಚೂರು, ಕಲಬುರಗಿಯ ಅನುಭವ ಸ್ವಲ್ಪ ಉಪಯೋಗಕ್ಕೆ ಬಂದೀತು. ಆದರೆ ಅಲ್ಲಿ 43 ಆದಾಗ ನಾವು ಬಾಗಿಲು ಹಾಕಿಕೊಂಡು ಒಳಗೆ ಮಲಗುತ್ತೇವೆಯೇ ಹೊರತು ಫೋಟೋ ತೆಗೆಯಲು ಬಯಲಿಗೆ ಹೋಗುವುದಿಲ್ಲ.

2. ಯಾರು ಬರುವುದು ಬೇಡ

ಇದನ್ನು ಹೋಟೆಲ್ ಬುಕ್ ಮಾಡುವ ಮೊದಲೇ ತೀರ್ಮಾನಿಸಿ. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಕೈಗೂಸುಗಳನ್ನು ಬೇಸಿಗೆಯಲ್ಲಿ ಇಲ್ಲಿಗೆ ಕರೆತರಬೇಡಿ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಎಷ್ಟೋ ಮಂದಿ. ಆ ಮಾತ್ರೆ ದೇಹದ ನೀರನ್ನು ಹೊರಹಾಕುವಂಥದ್ದೇ ಆದ್ದರಿಂದ ವೈದ್ಯರನ್ನು ಕೇಳದೆ ಹೊರಡುವುದು ಬೇಡ, ತಾವಾಗಿ ನಿಲ್ಲಿಸುವುದೂ ಬೇಡ. ಇನ್ಸುಲಿನ್ ಇದ್ದರೆ ಐಸ್ ಪೆಟ್ಟಿಗೆಯಲ್ಲಿ ಇರಲಿ, ಆದರೆ ಐಸ್‌ಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿಡಿ. ಉದ್ಯಾನದೊಳಗೆ ಆಸ್ಪತ್ರೆ ಇಲ್ಲ. ಅದಕ್ಕಾಗಿ ಫರ್ನೇಸ್ ಕ್ರೀಕ್‌ನಿಂದ ನೆವಾಡಾದ ಪಹ್ರಂಪ್ ಪಟ್ಟಣಕ್ಕೆ ಹೋಗಬೇಕು, ಸುಮಾರು 60 ಮೈಲಿ.

ಹೆಲಿಕಾಪ್ಟರ್ ಬರುತ್ತದಲ್ಲ ಎನ್ನಬೇಡಿ. ಗಾಳಿ ವಿಪರೀತ ಬಿಸಿಯಾದಾಗ ತೆಳುವಾಗುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ. 2024ರ ಜುಲೈನಲ್ಲಿ ಮರಳುದಿಬ್ಬದಲ್ಲಿ ಹವಾಯಿ ಚಪ್ಪಲಿ ಕಳೆದುಕೊಂಡ ಪ್ರವಾಸಿಯೊಬ್ಬರ ಅಂಗಾಲು ತೀವ್ರವಾಗಿ ಸುಟ್ಟಿತ್ತು. ಹೆಲಿಕಾಪ್ಟರ್ ಕಣಿವೆಯಲ್ಲಿ ಇಳಿಯಲಾಗದೆ, ಅವರನ್ನು ಮೊದಲು ಎತ್ತರದ ತಂಪು ಜಾಗಕ್ಕೆ ರಸ್ತೆಯಲ್ಲಿ ಸಾಗಿಸಬೇಕಾಯಿತು. ಪಾದ ಪೂರ್ತಿ ಮುಚ್ಚುವ ಶೂ, ಹತ್ತಿಯ ಕಾಲುಚೀಲ, ಅಗಲ ಅಂಚಿನ ಟೋಪಿ, ಉದ್ದ ತೋಳಿನ ತಿಳಿಬಣ್ಣದ ಅಂಗಿ. ಬಟ್ಟೆಯ ವಿಷಯ ಇಷ್ಟೇ.

3. ಕಾರನ್ನು ಸಿದ್ಧ ಮಾಡಿ

ಈ ಪ್ರವಾಸದಲ್ಲಿ ಕಾರೇ ನೆರಳು, ಕಾರೇ ನೀರಿನ ತೊಟ್ಟಿ. ಆದ್ದರಿಂದ ಹೆಚ್ಚು ಸಮಯ ಇದಕ್ಕೇ ಕೊಡಿ.

ಟೈರಿನಿಂದ ಶುರು ಮಾಡಿ. ಗಾಳಿಯನ್ನು ಬೆಳಗ್ಗೆ, ಕಾರು ಓಡುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ಪ್ರತಿ ಐದಾರು ಡಿಗ್ರಿ ಶಾಖಕ್ಕೆ ಒತ್ತಡ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಕಣಿವೆಯಲ್ಲಿ ಪರದೆ ಮೇಲೆ ಹೆಚ್ಚಿನ ಸಂಖ್ಯೆ ಕಂಡಿತೆಂದು ಹೆದರಿ ಗಾಳಿ ಬಿಡಬೇಡಿ. ಗಾಳಿ ಕಡಿಮೆಯಾದ ಟೈರೇ ಹೆಚ್ಚು ಮಡಚಿ, ಹೆಚ್ಚು ಕಾದು ಸಿಡಿಯುವುದು. ಪಕ್ಕದ ಗೋಡೆಯಲ್ಲಿ ಬಿರುಕಿದ್ದರೆ ಆ ಟೈರ್ ಈ ದಾರಿಗೆ ಆಗದು. ಸ್ಟೆಪ್ನಿ ಇದೆಯೇ, ಅದರಲ್ಲಿ ಗಾಳಿ ಇದೆಯೇ, ಜಾಕ್ ಎಲ್ಲಿದೆ ಎಂದು ಡಿಕ್ಕಿ ತೆರೆದು ಕಣ್ಣಾರೆ ನೋಡಿ. ಈಚಿನ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿಯ ಬದಲು ಒಂದು ಡಬ್ಬಿ ಅಂಟು ಮತ್ತು ಪುಟ್ಟ ಪಂಪ್ ಮಾತ್ರ ಇರುತ್ತದೆ. ನಾನು ಬಾಡಿಗೆಗೆ ಪಡೆದ ಕಾರಿನಲ್ಲಿ ಅದೂ ಇರಲಿಲ್ಲ. ವಾಪಸ್ ಹೋಗಿ ಬೇರೆ ಕಾರು ಕೇಳಿದೆ, ಅರ್ಧ ಗಂಟೆ ಹೋಯಿತು, ಹೋಗಲಿ.

ಬಾಡಿಗೆ ಕಾರಿನ ಕರಾರಿನಲ್ಲಿ ಸಾಮಾನ್ಯವಾಗಿ ಮಣ್ಣಿನ ರಸ್ತೆಗೆ ಇಳಿಸಬಾರದೆಂದು ಬರೆದಿರುತ್ತದೆ. ಇಲ್ಲಿ ಆ ನಿಯಮ ನಿಮ್ಮ ಒಳ್ಳೆಯದಕ್ಕೇ ಇದೆ. 1996ರ ಜುಲೈನಲ್ಲಿ ನಾಲ್ವರು ಜರ್ಮನ್ ಪ್ರವಾಸಿಗರು ಬಾಡಿಗೆ ವ್ಯಾನಿನಲ್ಲಿ ದೂರದ ಮಣ್ಣು ದಾರಿ ಹಿಡಿದರು. ವ್ಯಾನು ಪಂಕ್ಚರ್ ಆದ ಟೈರುಗಳೊಂದಿಗೆ ಅಕ್ಟೋಬರ್‌ನಲ್ಲಿ ಸಿಕ್ಕಿತು, ಅವರ ಅಸ್ಥಿ ಸಿಕ್ಕಿದ್ದು 2009ರಲ್ಲಿ. ಹಾಗಾಗಿ ಕಲ್ಲುಗಳು ತಾವೇ ಜಾರಿದ ಗೆರೆಗಳಿಂದ ಪ್ರಸಿದ್ಧವಾದ ರೇಸ್‌ಟ್ರ್ಯಾಕ್ ಬಯಲನ್ನು ಚಳಿಗಾಲಕ್ಕೆ ಬಿಡಿ. ಅದಕ್ಕೆ 27 ಮೈಲಿ ಚೂಪುಗಲ್ಲಿನ ಕಚ್ಚಾ ರಸ್ತೆ. ಬೇಸಿಗೆಯಲ್ಲಿ ಟಾರು ರಸ್ತೆ ಬಿಟ್ಟು ಒಂದು ಚಕ್ರವನ್ನೂ ಕೆಳಗಿಳಿಸಬೇಡಿ.

ಉಳಿದಂತೆ: ಕೂಲಂಟ್ ಮಟ್ಟ, ಬ್ಯಾಟರಿಯ ವಯಸ್ಸು, ಎಸಿಯ ತಂಪು, ಮುಂಗಾಜಿಗೆ ಹಾಕುವ ಬಿಸಿಲು ಪರದೆ. ಲೈಟರ್, ಸ್ಪ್ರೇ ಡಬ್ಬಿ, ಪವರ್ ಬ್ಯಾಂಕ್‌ಗಳನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಎಲೆಕ್ಟ್ರಿಕ್ ಕಾರಿನವರು ಉದ್ಯಾನದ ಹೊರಗಿನ ಬೇಟಿ ಅಥವಾ ಬೇಕರ್ ಊರಿನಲ್ಲಿ ಪೂರ್ತಿ ಚಾರ್ಜ್ ಮಾಡಿಯೇ ಒಳಬನ್ನಿ. ಘಾಟಿ ಮತ್ತು ಎಸಿ ಸೇರಿ ಬ್ಯಾಟರಿಯನ್ನು ಎಣಿಸಿದ್ದಕ್ಕಿಂತ ಬೇಗ ತಿನ್ನುತ್ತವೆ.

4. ನೀರು, ಉಪ್ಪು, ಬುತ್ತಿ

ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್. ನಾಲ್ವರು, ಎರಡು ದಿನವೆಂದರೆ 32 ಲೀಟರ್, ಅದರ ಮೇಲೆ ಕಾರಿಗೆಂದು ಎಂಟು ಲೀಟರ್. ಅಷ್ಟೊಂದಾ ಎಂದು ಅಮ್ಮ ಕೇಳಿದರು. ಹೌದು, ಅಷ್ಟು. ಎಲ್ಲವನ್ನೂ ಡಿಕ್ಕಿಯಲ್ಲಿ ತುಂಬಬೇಡಿ, ಪ್ರತಿ ಸೀಟಿಗೂ ಒಂದು ಬಾಟಲಿ ಕೈಗೆಟುಕುವಂತಿರಲಿ. ಬಾಯಾರಿಕೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು.

ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪು ಇಳಿದು ತಲೆ ಸುತ್ತುತ್ತದೆ. ಉಪ್ಪಿನ ವಿಷಯದಲ್ಲಿ ನಮ್ಮ ಬುತ್ತಿಯನ್ನು ಮೀರಿಸಿದ್ದಿಲ್ಲ: ಐಸ್ ಪೆಟ್ಟಿಗೆಯಲ್ಲಿ ನೀರು ಮಜ್ಜಿಗೆ, ಡಬ್ಬಿಯಲ್ಲಿ ಕೋಡುಬಳೆ, ಚಕ್ಕುಲಿ, ನಿಂಬೆಹಣ್ಣಿನ ಪಾನಕಕ್ಕೆ ಚಿಟಿಕೆ ಉಪ್ಪು. ಓಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ತಲೆತಟ್ಟಾಗಿರಲಿ, ಗುಡ್ಡೆ ಬೇಡ. ಊಟಕ್ಕೆ ಪುಳಿಯೋಗರೆ ತಡೆಯುತ್ತದೆ. ಮೊಸರನ್ನ ಐಸ್ ಮೇಲಿದ್ದರೆ ಸರಿ, ಸೀಟಿನ ಮೇಲೆ ಮರೆತರೆ ಮಧ್ಯಾಹ್ನದೊಳಗೆ ಹುಳಿ. ಬೀರ್ ವೇಗಸ್‌ಗೆ ಮರಳಿದ ಮೇಲೆ.

5. ಹಿಂದಿನ ದಿನ

ಉದ್ಯಾನದ ಜಾಲತಾಣದಲ್ಲಿ ಯಾವ ರಸ್ತೆ ಮುಚ್ಚಿದೆ ನೋಡಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ, ಕಾಗದದ ನಕ್ಷೆಯೂ ಒಂದಿರಲಿ. ಫರ್ನೇಸ್ ಕ್ರೀಕ್ ಮತ್ತು ಸ್ಟವ್‌ಪೈಪ್ ವೆಲ್ಸ್ ಬಿಟ್ಟರೆ ಹೆಚ್ಚಿನ ಕಡೆ ಸಿಗ್ನಲ್ ಇಲ್ಲ. ಇದ್ದರೂ ಜಿಪಿಎಸ್ ಹೇಳುವ ಅಡ್ಡದಾರಿ ನಂಬಬೇಡಿ. ಈ ಕಣಿವೆಯಲ್ಲಿ ಅದನ್ನು ನಂಬಿ ಪ್ರಾಣ ಕಳೆದುಕೊಂಡದ್ದಿದೆ. ಐಫೋನ್ 14 ಮತ್ತು ಆಮೇಲಿನವುಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು, ಹೇಗೆಂದು ಮನೆಯಲ್ಲೇ ಕಲಿತುಕೊಳ್ಳಿ. ನೀವು ಎಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹೊರಬರುತ್ತೀರಿ ಎಂದು ಒಬ್ಬರಿಗೆ ವಾಟ್ಸ್ಆ್ಯಪ್ ಮಾಡಿ.

ಪ್ರವೇಶದ್ವಾರದಲ್ಲಿ ತಡೆಯುವವರು ಯಾರೂ ಇಲ್ಲ. ಶುಲ್ಕ ನೀವೇ ಯಂತ್ರದಲ್ಲೋ ಸಂದರ್ಶಕರ ಕೇಂದ್ರದಲ್ಲೋ ಕಾರ್ಡಿನಲ್ಲಿ ಕಟ್ಟಬೇಕು, ನಗದು ತೆಗೆದುಕೊಳ್ಳುವುದಿಲ್ಲ. ಪೆಟ್ರೋಲ್ ಒಳಗೂ ಸಿಗುತ್ತದೆ, ಬೆಲೆ ನೋಡಿದರೆ ಬೆವರು ಬರುತ್ತದೆ. ಪಹ್ರಂಪ್ ಅಥವಾ ಬೇಟಿಯಲ್ಲಿ ಟ್ಯಾಂಕ್ ತುಂಬಿಸಿ.

6. ಮೊದಲ ಸಂಜೆ: ಮೇಲಿನಿಂದ ನೋಡಿ

ವೇಗಸ್‌ನಿಂದ ಸಂಜೆ ನಾಲ್ಕಕ್ಕೆ ಹೊರಡಿ. ಪಹ್ರಂಪ್, ಡೆತ್ ವ್ಯಾಲಿ ಜಂಕ್ಷನ್ ದಾಟಿ 190ನೇ ಹೆದ್ದಾರಿಯಲ್ಲಿ ಸಾಗಿದರೆ ಎಡಕ್ಕೆ ಡ್ಯಾಂಟೆಸ್ ವ್ಯೂ ರಸ್ತೆ ಸಿಗುತ್ತದೆ. ನೇರ ಕಣಿವೆಗೆ ಇಳಿಯದೆ ಇಲ್ಲಿ ತಿರುಗಿ. 5,476 ಅಡಿ ಎತ್ತರದ ಈ ತಾಣ ಕೆಳಗಿನ ತಳಕ್ಕಿಂತ ಸುಮಾರು 14 ಡಿಗ್ರಿ ತಂಪು. ಕೆಳಗೆ ಕೆಂಡವಿದ್ದರೂ ಇಲ್ಲಿ ಹಿರಿಯರು ಆರಾಮವಾಗಿ ಅರ್ಧ ಗಂಟೆ ನಿಲ್ಲಬಹುದು. ಜುಲೈನಲ್ಲಿ ಸೂರ್ಯ ಮುಳುಗುವುದು ಎಂಟರ ಸುಮಾರಿಗೆ. ಕಾಲಡಿಯಲ್ಲೇ ಬ್ಯಾಡ್‌ವಾಟರ್‌ನ ಬಿಳಿ ಉಪ್ಪಿನ ಬಯಲು, ಎದುರಿಗೆ ಟೆಲಿಸ್ಕೋಪ್ ಶಿಖರ. ಇಡೀ ಕಣಿವೆಯ ರಚನೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಮರುದಿನ ಕೆಳಗೆ ನಿಂತಾಗ ತಾವೆಲ್ಲಿದ್ದೇವೆಂದು ಮನೆಯವರಿಗೆ ಹೇಳಿಕೊಡುವ ಕೆಲಸ ತಪ್ಪುತ್ತದೆ.

ಹತ್ತುವಾಗ ಇಂಜಿನ್ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಡಿ. ಕೊನೆಯ ತಿರುವುಗಳು ತೀರಾ ಕಡಿದು. ಇಳಿಯುವಾಗ ಬ್ರೇಕ್ ಮೇಲೆಯೇ ಕಾಲಿಟ್ಟುಕೊಂಡು ಬರಬೇಡಿ, ಶಿರಾಡಿ ಘಾಟಿ ಇಳಿಯುವಂತೆ ಕೆಳಗಿನ ಗೇರ್‌ಗೆ ಹಾಕಿ. ಆಟೋಮ್ಯಾಟಿಕ್ ಕಾರಿನಲ್ಲೂ ಎಲ್ ಅಥವಾ ಮ್ಯಾನುವಲ್ ಸ್ಥಾನ ಇರುತ್ತದೆ.

ರಾತ್ರಿ ಫರ್ನೇಸ್ ಕ್ರೀಕ್ ಅಥವಾ ಸ್ಟವ್‌ಪೈಪ್ ವೆಲ್ಸ್‌ನಲ್ಲಿ ತಂಗಿ. ಬೇಸಿಗೆಯಲ್ಲಿ ಟೆಂಟ್ ಹಾಕುವ ಹುಚ್ಚು ಬೇಡ, ಎಸಿ ಕೋಣೆ ತೆಗೆದುಕೊಳ್ಳಿ. ಇದು 2013ರಿಂದ ಮಾನ್ಯತೆ ಪಡೆದ ಕತ್ತಲ ಆಕಾಶದ ತಾಣ. ಅಮಾವಾಸ್ಯೆಯ ಆಸುಪಾಸು ದಿನ ಗೊತ್ತುಮಾಡಿಕೊಂಡರೆ ಆಕಾಶಗಂಗೆ ಬರಿಗಣ್ಣಿಗೆ ಕಾಣುತ್ತದೆ. ರಾತ್ರಿ ಹತ್ತಕ್ಕೂ ಗಾಳಿ ಹೇರ್ ಡ್ರೈಯರ್ ಹಿಡಿದಂತೆ ಮುಖಕ್ಕೆ ಹೊಡೆಯುತ್ತದೆ. ಹತ್ತು ನಿಮಿಷ ನೋಡಿ ಒಳಗೆ ಬನ್ನಿ, ನಾಲ್ಕೂವರೆಗೆ ಏಳಬೇಕು.

7. ಬೆಳಗಿನ ಐದು ಗಂಟೆ

ಇಡೀ ಪ್ರವಾಸ ಇರುವುದೇ ಈ ನಾಲ್ಕೈದು ಗಂಟೆಗಳಲ್ಲಿ. ಮೊದಲು ಬ್ಯಾಡ್‌ವಾಟರ್, ಫರ್ನೇಸ್ ಕ್ರೀಕ್‌ನಿಂದ 17 ಮೈಲಿ ದಕ್ಷಿಣಕ್ಕೆ. ಸೂರ್ಯೋದಯ 5.40ರ ಹೊತ್ತಿಗೆ. ಆದರೆ ಬ್ಯಾಡ್‌ವಾಟರ್‌ನ ಪೂರ್ವಕ್ಕೆ ಬ್ಲ್ಯಾಕ್ ಮೌಂಟನ್ಸ್ ಗೋಡೆಯಂತೆ ನಿಂತಿದೆ. ಸೂರ್ಯ ಹುಟ್ಟಿ ಬಹಳ ಹೊತ್ತಾದರೂ ಬೆಟ್ಟದ ಬುಡದಲ್ಲಿ ನೆರಳೇ ಇರುತ್ತದೆ. ಎದುರಿನ ಪ್ಯಾನಮಿಂಟ್ ಶಿಖರಗಳ ಮೇಲೆ ಕೆಂಬೆಳಕು ನಿಧಾನವಾಗಿ ಕೆಳಗಿಳಿದು ಬರುವುದನ್ನು ತಂಪಲ್ಲದಿದ್ದರೂ ಸಹ್ಯವಾದ ಗಾಳಿಯಲ್ಲಿ ನೋಡಬಹುದು. ಉಪ್ಪಿನ ಮೇಲೆ ಜನ ನಡೆದು ನಡೆದು ಚಪ್ಪಟೆಯಾದ ದಾರಿಯಲ್ಲಿ ಹತ್ತು ನಿಮಿಷ ಹೋಗಿ, ಹಿಂತಿರುಗಿ ಬಂಡೆಯ ಮೇಲೆ ನೋಡಿ. ಎಷ್ಟೋ ಎತ್ತರದಲ್ಲಿ 'ಸಮುದ್ರಮಟ್ಟ' ಎಂಬ ಫಲಕ. ಅಪ್ಪ ಬಹಳ ಹೊತ್ತು ಅದನ್ನೇ ನೋಡಿ, "ಹಂಗಾದ್ರ ನಾವೀಗ ಸಮುದ್ರದ ತಳಕ್ಕ ನಿಂತೀವೇನು?" ಎಂದರು. ಆಮೇಲೆ ಬೆರಳಿಂದ ಉಪ್ಪು ಮುಟ್ಟಿ ನಾಲಿಗೆಗಿಟ್ಟರು. ಸಾವಿರಾರು ಜನ ತುಳಿದ ಉಪ್ಪು ಅದು, ನೀವು ಹಾಗೆ ಮಾಡಬೇಡಿ.

ವಾಪಸ್ ಬರುವಾಗ ಬಲಕ್ಕೆ ಆರ್ಟಿಸ್ಟ್ಸ್ ಡ್ರೈವ್. 9 ಮೈಲಿಯ ಈ ಏಕಮುಖ ರಸ್ತೆ ದಕ್ಷಿಣದಿಂದ ಉತ್ತರಕ್ಕೆ ಹೋಗುವುದರಿಂದ ಮರಳುವ ದಾರಿಗೆ ಸರಿಹೊಂದುತ್ತದೆ. ಗುಲಾಬಿ, ಹಸಿರು, ನೇರಳೆ ಬಣ್ಣದ ಗುಡ್ಡಗಳನ್ನು ಕಾರಿನಿಂದಲೇ ನೋಡಬಹುದು. ಆನಂತರ ಜಬ್ರಿಸ್ಕಿ ಪಾಯಿಂಟ್ ಎಂಬ ನೋಟದ ತಾಣ, ಫರ್ನೇಸ್ ಕ್ರೀಕ್‌ನಿಂದ ಐದು ಮೈಲಿ. ಕಾರು ನಿಲ್ಲಿಸಿ ಸಣ್ಣ ಏರು ಹತ್ತಬೇಕು, ಮೊಣಕಾಲು ನೋವಿನವರು ಕಾರಿನ ಎಸಿಯಲ್ಲೇ ಇರಲಿ. ಎರಡು ದಿನ ತಂಗುವವರು ಮಾತ್ರ ಇನ್ನೊಂದು ಬೆಳಗ್ಗೆ ಮೆಸ್ಕೀಟ್ ಫ್ಲ್ಯಾಟ್ ಮರಳುದಿಬ್ಬಗಳಿಗೆ ಹೋಗಿ. ಒಂದೇ ಬೆಳಗ್ಗೆ ಎಲ್ಲವನ್ನೂ ತುರುಕಿದರೆ ಕೊನೆಯದು ಹನ್ನೊಂದಕ್ಕೆ ಬೀಳುತ್ತದೆ.

8. ಹತ್ತರ ನಂತರ

ಹತ್ತಕ್ಕೆ ಕಣಿವೆಯ ನಡಿಗೆ ಬಂದ್. ಸಂದರ್ಶಕರ ಕೇಂದ್ರದ ಹೊರಗೆ ದೊಡ್ಡ ಉಷ್ಣತಾ ಫಲಕವಿದೆ, ಅದರೆದುರು ಫೋಟೋ ಆಗಲೇಬೇಕು, ಆಗಲಿ. ಎರಡು ನಿಮಿಷ. ಬೇಸಿಗೆಯಲ್ಲಿ ಆ ಅಂಕಿಗಾಗಿಯೇ ಬರುವವರಿದ್ದಾರೆ. ಇದೇ ಜುಲೈನಲ್ಲಿ ಬ್ಯಾಡ್‌ವಾಟರ್‌ನಿಂದ ವಿಟ್ನಿ ಪರ್ವತದ ಬುಡದವರೆಗೆ 135 ಮೈಲಿ ಓಡುವ ಸ್ಪರ್ಧೆಯೂ ನಡೆಯುತ್ತದೆ. ಆ ದಿನ ರಸ್ತೆಯಂಚಿನಲ್ಲಿ ಓಟಗಾರರಿರುತ್ತಾರೆ, ನಿಧಾನವಾಗಿ ಹೋಗಿ.

ಮಧ್ಯಾಹ್ನಕ್ಕೆ ಎರಡು ದಾರಿ. ಕೋಣೆಯಲ್ಲಿ ಮಲಗುವುದು, ಅಥವಾ ಬೆಟ್ಟ ಹತ್ತುವುದು. ವೈಲ್ಡ್‌ರೋಸ್ ಕಡೆಯ ರಸ್ತೆ ತೆರೆದಿದ್ದು, ಕೊನೆಯ ಎರಡು ಮೈಲಿ ಜಲ್ಲಿಗೆ ನಿಮ್ಮ ಕಾರಿನ ಕರಾರು ಒಪ್ಪಿದರೆ, ಸುಮಾರು 6,800 ಅಡಿ ಎತ್ತರದಲ್ಲಿ 1877ರ ಹತ್ತು ಇದ್ದಿಲು ಗೂಡುಗಳಿವೆ. ಬೆಳ್ಳಿ-ಸೀಸದ ಕುಲುಮೆಗಾಗಿ ಕಟ್ಟಿದ ಕಲ್ಲಿನ ಗುಮ್ಮಟಗಳು, ಒಳಗೆ ಹೋದರೆ ಇಂದಿಗೂ ಹೊಗೆಯ ವಾಸನೆ. ಟಾರು ಬಿಡಬೇಡಿ ಎಂದವನೇ ಇದೊಂದಕ್ಕೆ ರಿಯಾಯಿತಿ ಕೊಡುತ್ತಿದ್ದೇನೆ, ಏಕೆಂದರೆ ಅದು ತಂಪಿನ ಎತ್ತರದಲ್ಲಿದೆ. ಸುತ್ತ ಪಿನ್ಯನ್ ಮರಗಳ ನೆರಳು, ಪುಳಿಯೋಗರೆ ಡಬ್ಬಿ ಅಲ್ಲಿ ತೆರೆಯಿರಿ.

9. ಕಾರು ಅಥವಾ ಮನುಷ್ಯ ಕಾದರೆ

ಏರಿನಲ್ಲಿ ಉಷ್ಣತೆಯ ಮುಳ್ಳು ಮೇಲೇರತೊಡಗಿದರೆ ಮೊದಲು ಎಸಿ ಆರಿಸಿ. ಇನ್ನೂ ಏರಿದರೆ ಹೀಟರ್ ಪೂರ್ತಿ ಹಾಕಿ, ಕಿಟಕಿ ತೆರೆಯಿರಿ. ಕೇಳಲು ಹುಚ್ಚೆನಿಸುತ್ತದೆ, ಆದರೆ ಇಂಜಿನ್ನಿನ ಶಾಖ ಹೊರಹೋಗಲು ಅದೂ ಒಂದು ದಾರಿ. ಆಗದಿದ್ದರೆ ಅಂಚಿಗೆ ನಿಲ್ಲಿಸಿ. ಬಿಸಿ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಕುಕ್ಕರ್ ಸೀಟಿ ಇಳಿಯುವ ಮೊದಲು ಮುಚ್ಚಳ ತೆಗೆದಂತಾಗುತ್ತದೆ. ಘಾಟಿಯ ದಾರಿಯಲ್ಲಿ ಅಲ್ಲಲ್ಲಿ ರೇಡಿಯೇಟರ್‌ಗೆಂದು ನೀರಿನ ತೊಟ್ಟಿಗಳಿವೆ, ಅದು ಕುಡಿಯುವ ನೀರಲ್ಲ.

ಕಾರು ಕೆಟ್ಟು ನಿಂತರೆ ಅದನ್ನು ಬಿಟ್ಟು ನಡೆಯಬೇಡಿ. ಬಾನೆಟ್ ಎತ್ತಿ ನಿಲ್ಲಿಸಿ, ಟಾರು ರಸ್ತೆಯಲ್ಲಿ ಯಾರಾದರೂ ಬಂದೇ ಬರುತ್ತಾರೆ. ಒಳಗೆ ಕೂರಲಾಗದಷ್ಟು ಕಾದರೆ ಕಾರಿನ ನೆರಳಿನಲ್ಲಿ, ನೆಲದ ಮೇಲಲ್ಲ, ಐಸ್ ಪೆಟ್ಟಿಗೆಯ ಮೇಲೋ ಮಡಚಿದ ಮ್ಯಾಟುಗಳ ಮೇಲೋ ಕೂರಿ.

ಯಾರಿಗಾದರೂ ತಲೆನೋವು, ವಾಕರಿಕೆ, ಸುಸ್ತು ಕಂಡರೆ ಆ ದಿನದ ತಿರುಗಾಟ ಮುಗಿಯಿತು. ಎಸಿ, ಒದ್ದೆ ಬಟ್ಟೆ, ಉಪ್ಪು-ಸಕ್ಕರೆ ನೀರು. ಮಾತು ತೊದಲಿದರೆ, ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಬಂದರೆ ಅದು ಬಿಸಿಲಾಘಾತ. 911ಗೆ ಕರೆ ಮಾಡಿ, ಕಾಯುವಾಗ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಿರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

10. ಮೋಡ ಕಂಡರೆ ಖುಷಿಪಡಬೇಡಿ

ಜುಲೈನಿಂದ ಸೆಪ್ಟೆಂಬರ್‌ವರೆಗೆ ಗುಡುಗು ಮಳೆ ಬರುವುದುಂಟು. ಒಣಗಿ ಗಟ್ಟಿಯಾದ ನೆಲ ನೀರು ಹೀರುವುದಿಲ್ಲ. ಮಳೆ ಎಲ್ಲೋ ಬೆಟ್ಟದಲ್ಲಿ ಸುರಿದು, ನಿಮ್ಮ ತಲೆಮೇಲೆ ಬಿಸಿಲಿರುವಾಗಲೇ ಕೆಸರು ಕಲ್ಲುಗಳ ಹೊನಲು ರಸ್ತೆಗೆ ಬರಬಹುದು. 2022ರ ಆಗಸ್ಟ್ 5ರಂದು ಫರ್ನೇಸ್ ಕ್ರೀಕ್‌ನಲ್ಲಿ 37 ಮಿಲಿಮೀಟರ್ ಬಿದ್ದು ಸುಮಾರು ಸಾವಿರ ಜನ ಒಳಗೇ ಸಿಕ್ಕಿಹಾಕಿಕೊಂಡರು. ಮರುವರ್ಷ ಆಗಸ್ಟ್ 20ರಂದು ಒಂದೇ ದಿನ 56 ಮಿಲಿಮೀಟರ್ ಸುರಿದು ಉದ್ಯಾನವನ್ನೇ ಎರಡು ತಿಂಗಳ ಹತ್ತಿರ ಮುಚ್ಚಬೇಕಾಯಿತು. ಆಗುಂಬೆಯವರು ನಗುವ ಅಳತೆ ಇದು, ಆದರೆ ಇಲ್ಲಿ ಅದು ಒಂದು ವರ್ಷದ ಮಳೆ. ರಸ್ತೆ ಮೇಲೆ ಹರಿಯುವ ನೀರು ಕಂಡರೆ ಎತ್ತರದ ಕಡೆಗೆ ಕಾರು ತಿರುಗಿಸಿ.

11. ಹೊರಬರುವ ದಾರಿ

ವೇಗಸ್‌ಗೆ ಮರಳುವವರು ಬೇಟಿಯ ಮೂಲಕ ಬನ್ನಿ, ಊರಿಗೆ ನಾಲ್ಕು ಮೈಲಿ ಮೊದಲು ರಯೋಲೈಟ್ ಎಂಬ ಪಾಳುಬಿದ್ದ ಚಿನ್ನದ ಗಣಿ ಊರು ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾ ಕಡೆಗೆ ಹೋಗುವವರಿಗೆ ಪಶ್ಚಿಮದ ದಾರಿ. ಸ್ಟವ್‌ಪೈಪ್ ವೆಲ್ಸ್‌ನಿಂದ ಟೌನ್ ಪಾಸ್‌ಗೆ ಸುಮಾರು 17 ಮೈಲಿಯಲ್ಲಿ 5,000 ಅಡಿ ಏರು. ಆಮೇಲೆ ಪ್ಯಾನಮಿಂಟ್ ಕಣಿವೆಗೆ ಇಳಿದು ಮತ್ತೊಂದು ಏರು. ತುಂಬಿದ ಕಾರಿನಲ್ಲಿ ಈ ಘಾಟಿಯನ್ನು ಮಧ್ಯಾಹ್ನ ಮೂರಕ್ಕೆ ಹತ್ತಬೇಡಿ. ಮೂರನೆಯ ದಿನ ಬೆಳಗ್ಗೆ ಐದಕ್ಕೇ ಹೊರಟರೆ ಬಿಸಿಲೇರುವ ಮೊದಲು ಲೋನ್ ಪೈನ್ ತಲುಪುತ್ತೀರಿ. ಅಲ್ಲಿ ತಿಂಡಿ ತಿನ್ನುತ್ತಾ ತಲೆಯೆತ್ತಿದರೆ 14,505 ಅಡಿಯ ವಿಟ್ನಿ ಕಾಣುತ್ತದೆ. ಶೂಗಳಿಗೆ ಅಂಟಿದ ಬ್ಯಾಡ್‌ವಾಟರ್ ಉಪ್ಪನ್ನು ಅಲ್ಲೇ ಕೊಡವಿಕೊಳ್ಳಿ. ನಾವು ಮರೆತೆವು, ಕಾರಿನ ಮ್ಯಾಟುಗಳಿಂದ ಅದನ್ನು ತೆಗೆಯಲು ಅಮ್ಮನಿಗೆ ಒಂದು ಶನಿವಾರ ಹಿಡಿಯಿತು.